ಅಳು ನಿಲ್ಲಬಾರದಿದ್ದ ಕೂಸು

ಹೋದ ತಿಂಗಳು ಹೊಳಲ್ಕೆರೆಗೆ ಹೋಗಿದ್ದೆ. ಹಿಂದೆ ನನ್ನ ಜೊತೆ ಕೆಲಸ ಮಾಡಿದ ಗೆಳತಿಯೊಬ್ಬಳ ಮಗಳಿಗೆ ಹೆರಿಗೆಯಾಗಿತ್ತು, ಮಗುವನ್ನು ನೋಡಿಕೊಂಡು ಬರೋಣವೆಂದು. ನಾನು ಒಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಮಗುವಿಗೆ ನೀರು ಹಾಕಿ ಮುಗಿಸಿ, ನಡುಮನೆಯಲ್ಲಿ ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಕೊಡುತ್ತಿದ್ದರು. ಎಳೆಯ ಮಗುವಿನ ಮೂಗಿಗೆ ಹೊಗೆ ಒಳ್ಳೆಯದಲ್ಲ ಎಂದು ಹೇಳಬೇಕಾದ ವೈದ್ಯೆ ನಾನು. ಹೇಳಲು ಬಾಯಿಯನ್ನೂ ತೆರೆದೆ. ಆದರೆ ಆ ವಾಸನೆ ಬಡಿದದ್ದೇ ಮಾತು ಅಲ್ಲೇ ನಿಂತುಹೋಯಿತು. ಹರಳೆಣ್ಣೆ, ಬಿಸಿನೀರು, ಲೋಬಾನ ಮೂರೂ ಬೆರೆತ ಆ ವಾಸನೆ ಒಂದು ಇಡೀ ಆಷಾಢ ನನ್ನ ಬೆನ್ನಿಗಿತ್ತು. ಅದು ಬರುತ್ತಿದ್ದುದು ಹಿರಿಯೂರಿನ ಖಾಸಿಂಬಿ ಎಂಬ ಮುದುಕಿಯ ಸೆರಗಿನಿಂದ.

"ಯಾಕೆ, ಸುಮ್ಮನೆ ನಿಂತುಬಿಟ್ಟೆ?" ಎಂದಳು ಗೆಳತಿ. ಏನಿಲ್ಲ ಎಂದೆ. ಮಗುವನ್ನು ಎತ್ತಿಕೊಂಡು, ಹೊಗೆಯಿಂದ ದೂರ ಜಗುಲಿಗೆ ತಂದು ಕೂತೆ. ಅದರ ಮೂಗಿನ ಹೊಳ್ಳೆಗಳನ್ನು ಒಂದೊಂದಾಗಿ ನೋಡಿದೆ. ಅದು ನನಗೆ ಅಂದಿನಿಂದ ಬಂದ ಚಾಳಿ.

ಸುಮಾರು ಏಳೆಂಟು ವರ್ಷದ ಹಿಂದಿನ ಮಾತು. ಆ ಬೇಸಿಗೆಯ ಕೊನೆಗೆ ನನಗೆ ಚಿತ್ರದುರ್ಗಕ್ಕೆ ವರ್ಗವಾಗಿತ್ತು. ಕಿವಿ, ಮೂಗು, ಗಂಟಲಿನ ವೈದ್ಯೆ ನಾನು. ಬೆಂಗಳೂರಿನಲ್ಲಿ ಓದು ಮುಗಿಸಿ, ಒಂದೆರಡು ವರ್ಷ ಗುರುಗಳ ಕೈಕೆಳಗೇ ದುಡಿದು, ಮೊದಲ ಸಲ ಒಬ್ಬಳೇ ಒಂದು ವಿಭಾಗ ನೋಡಿಕೊಳ್ಳಲು ಬಂದಿದ್ದೆ. ಊರೂ ಹೊಸದು, ಗಾಳಿಯೂ ಹೊಸದು. ದುರ್ಗದ ಗಾಳಿಯ ವಿಷಯ ಕೇಳಿದ್ದೆನೇ ಹೊರತು ಅದರೊಳಗೆ ಬದುಕಿರಲಿಲ್ಲ. ಜೋಗಿಮಟ್ಟಿಯ ಕಡೆಯಿಂದ ಎದ್ದದ್ದು ಬೆಳಗಿನಿಂದ ಬೈಗಿನವರೆಗೆ ಒಂದೇ ಸಮ ಬೀಸುತ್ತಿತ್ತು. ಮುಗಿಲು ತುಂಬಿಕೊಂಡು ಬರುವುದು, ನಾಲ್ಕು ಹನಿ ಚಿಮುಕಿಸುವುದು, ಅಷ್ಟರೊಳಗೆ ಗಾಳಿ ಮುಗಿಲನ್ನೇ ಎತ್ತಿಕೊಂಡು ಹೋಗುವುದು. ಒಣಹಾಕಿದ ಬಟ್ಟೆ ಮೂರನೆಯ ಮನೆಯ ಮಹಡಿಯಲ್ಲಿ ಸಿಗುತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗಿದ್ದೇ ತಿರುಗಿದ್ದು. ಆಸ್ಪತ್ರೆಯ ಕಿಟಕಿಗಳಿಗೆ ಬಟ್ಟೆ ತುರುಕಿದರೂ ಸಂದಿಯಿಂದ ಸಿಳ್ಳೆ ಹಾಕುತ್ತಿತ್ತು.

ಶೇಂಗಾ ಬಿತ್ತುವ ಕಾಲ ಅದು. ಮನೆಮನೆಯಲ್ಲಿ ಬಿತ್ತನೆ ಬೀಜ ಸುಲಿಯುತ್ತಾರೆ, ಹರಡಿದ ಬೀಜದ ನಡುವೆ ಮಕ್ಕಳು ಆಡುತ್ತವೆ, ಆಡುತ್ತಾ ಆಡುತ್ತಾ ಒಂದು ಬೀಜ ಮೂಗಿಗೆ ಏರಿಸಿಕೊಳ್ಳುತ್ತವೆ. ನನ್ನ ಹೊರರೋಗಿ ವಿಭಾಗದ ಮುಂದೆ ಬೆಳಗಾದರೆ ಬಿ.ದುರ್ಗ, ಐಮಂಗಲ, ಆದಿವಾಲ ಎಂದು ಸುತ್ತಲ ಊರಿನಿಂದ ಬಂದ ಅಂಥ ಮಕ್ಕಳು. ಅಮ್ಮನ ತೊಡೆಯ ಮೇಲೆ ಕೂರಿಸಿಕೊಂಡು, ಕೈಕಾಲು ಸುತ್ತಿ ಹಿಡಿಸಿ, ಸಣ್ಣ ಕೊಕ್ಕೆಯೊಂದನ್ನು ಬೀಜದ ಹಿಂದಕ್ಕೆ ದಾಟಿಸಿ ಮುಂದಕ್ಕೆಳೆದರೆ ಮುಗಿಯಿತು. ಅಳುವ ಮಗು ನಗುತ್ತದೆ, ಬೈಯುವ ಅಮ್ಮನೂ ನಗುತ್ತಾಳೆ. "ಲೇ, ಮೂಗ್ನಾಗೆ ಹೊಲ ಮಾಡಿದ್ಯೇನೋ" ಎಂದು ಅಪ್ಪಂದಿರು ಗದರುತ್ತಾರೆ. ಮೂಗಿನಿಂದ ಏನನ್ನಾದರೂ ತೆಗೆಯುವುದು ನನ್ನ ಕೈಗೆ ಅಷ್ಟು ಸಲೀಸಾಗಿಬಿಟ್ಟಿತ್ತು.

ಒಂದು ಮಧ್ಯಾಹ್ನ ನವಜಾತ ಶಿಶುಗಳ ವಾರ್ಡಿನಿಂದ ಕರೆ ಬಂತು. ಅಲ್ಲಿನ ಮಕ್ಕಳ ವೈದ್ಯರು ತಿಪ್ಪೇಸ್ವಾಮಿ. ಹೊಸದುರ್ಗ ತಾಲ್ಲೂಕಿನವರು, ನನಗಿಂತ ಹದಿನೈದು ವರ್ಷಕ್ಕಾದರೂ ಹಿರಿಯರು, ಸುಲಭಕ್ಕೆ ಗಾಬರಿಯಾಗುವವರಲ್ಲ. ಅಂದು ಫೋನಿನಲ್ಲಿ ಅವರ ಧ್ವನಿ ಬೇರೆಯಾಗಿತ್ತು. "ಹಂಗೇ ಬಂದ್ಬಿಡ್ರಿ ಮೇಡಮ್, ಮೂಗಿಗೆ ಹಾಕೋ ನಿಮ್ಮ ಲೈಟು ತಗೊಂಡು."

ನಾನು ಓಡಿ ಹೋಗುವ ಹೊತ್ತಿಗೆ ಆಂಬುಲೆನ್ಸಿನಿಂದ ಅವರನ್ನು ಒಳಗೆ ಕರೆತರುತ್ತಿದ್ದರು. ಮುಂದೆ ಒಬ್ಬ ಮುದುಕಿ, ಕೈಯಲ್ಲಿ ಬಟ್ಟೆಯ ಗಂಟಿನಂಥ ಕೂಸು. ಅವಳ ಹಿಂದೆ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ ಹಸಿ ಬಾಣಂತಿ, ಅವಳ ತೋಳು ಹಿಡಿದ ಗಂಡ. ಕೂಸು ಕಿರುಚಿ ಕಿರುಚಿ ಅಳುತ್ತಿತ್ತು. ಅಳು ತುಸು ಇಳಿದರೆ ಸಾಕು, ಮುದುಕಿ ಅದರ ಅಂಗಾಲಿಗೆ ಬೆರಳಿನಿಂದ ಟಪ್ ಎಂದು ಹೊಡೆಯುತ್ತಿದ್ದಳು. ಕೂಸು ಮತ್ತೆ ಕಿರುಚುತ್ತಿತ್ತು. ಅದಕ್ಕಿಂತ ಜೋರಾಗಿ ಅವಳು ಅಳುತ್ತಿದ್ದಳು.

"ಯಾಕಮ್ಮ ಹೊಡೀತೀಯ?" ಎಂದು ಒಬ್ಬ ನರ್ಸ್ ಗದರಿದಳು.

"ಅತ್ರೆ ಕೆಂಪಗೆ ಇರ್ತೈತೆ ತಾಯಿ, ಸುಮ್ನಾದ್ರೆ ನೀಲಿ ಆಗ್ತೈತೆ. ಹಿರಿಯೂರಿಂದ ಹಿಂಗೇ ಅಳಿಸ್ಕಂಡು ಬಂದೀನಿ" ಎಂದಳು ಮುದುಕಿ. ಅಂಗಾಲುಗಳು ಕೆಂಡದಂತೆ ಕೆಂಪಾಗಿದ್ದವು.

ಅವಳೇ ಖಾಸಿಂಬಿ. ಬಾಣಂತಿ ಅವಳ ಮಗಳು ಹಸೀನಾ, ಮೊದಲ ಹೆರಿಗೆ. ಗಂಡ ದಾದಾಪೀರ್, ಹಿರಿಯೂರಿನಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನು. ಅವರ ಮನೆತನದಲ್ಲಿ ತಲೆತಲಾಂತರದಿಂದ ಅದೇ ಕಸುಬು, ಮನೆಯ ಮಾತೂ ಕನ್ನಡವೇ. ಮಗು ಹುಟ್ಟಿದ ದಿನ ಒಂದಿಷ್ಟು ಗೊರಗೊರ ಎನ್ನುತ್ತಿತ್ತಂತೆ, ಶೀತ ಅಂದುಕೊಂಡಿದ್ದರು. ಹಾಲಿಗೆ ಹಾಕಿದರೆ ಎರಡು ಗುಟುಕು ಕುಡಿದು ಒದ್ದಾಡಿ ಬಿಟ್ಟುಬಿಡುತ್ತಿತ್ತು. ಮನೆಗೆ ಕರೆದೊಯ್ದ ಮೇಲೆ ಒಮ್ಮೆ ಎದೆಗಂಟಿಕೊಂಡೇ ತುಟಿ ನೀಲಿಯಾಗಿ ಕೈಕಾಲು ಬಿಟ್ಟಿತ್ತು. ತಿರುಗಿ ಹಿರಿಯೂರಿನ ಆಸ್ಪತ್ರೆಗೆ ಓಡಿದರು. ಅಲ್ಲಿನ ವೈದ್ಯರು ಮೂಗಿನಲ್ಲಿ ಏನೋ ಕಂಡು, ಆಮ್ಲಜನಕ ಹಚ್ಚಿ, ಅಳು ನಿಲ್ಲಿಸಲು ಬಿಡಬೇಡಿ ಎಂದು ಹೇಳಿ ಕಳಿಸಿದ್ದರು.

ಹುಟ್ಟಿದ ಮಗುವಿಗೆ ಬಾಯಿಂದ ಉಸಿರಾಡಲು ಬರುವುದಿಲ್ಲ. ಮೊದಲ ಕೆಲವು ವಾರ ಅದರ ಉಸಿರೆಲ್ಲ ಮೂಗಿನದೇ. ಅದಕ್ಕೇ ಅದು ಹಾಲು ಕುಡಿಯುತ್ತಲೇ ಉಸಿರಾಡಬಲ್ಲದು. ಮೂಗು ಪೂರಾ ಕಟ್ಟಿದರೆ ಅತ್ತಾಗ ಮಾತ್ರ ಬಾಯಿ ತೆರೆದು ಗಾಳಿ ಒಳಹೋಗುತ್ತದೆ. ಅಳು ನಿಂತು ಬಾಯಿ ಮುಚ್ಚಿದರೆ ಉಸಿರೂ ಮುಚ್ಚಿದಂತೆಯೇ. ಎಲ್ಲ ಮನೆಗಳಲ್ಲೂ ಅಳುವ ಮಗುವನ್ನು ಸುಮ್ಮನಾಗಿಸಲು ಒದ್ದಾಡುತ್ತಾರೆ. ಈ ಅಜ್ಜಿ ಐಮಂಗಲ ದಾಟಿ ದುರ್ಗದವರೆಗೆ, ದಾರಿಯುದ್ದ, ಕೂಸು ಸುಮ್ಮನಾಗದಂತೆ ನೋಡಿಕೊಂಡಿದ್ದಳು.

ತಿಪ್ಪೇಸ್ವಾಮಿಯವರು ಮಗುವಿನ ಬಾಯೊಳಗೆ ನಾಲಿಗೆಯ ಮೇಲೆ ಕೂರುವ ಪುಟ್ಟ ಬಾಗಿದ ಕೊಳವೆಯೊಂದನ್ನು ಇಟ್ಟರು. ಗಾಳಿಗೆ ದಾರಿಯಾಯಿತು. ಎದೆಗೂಡು ಒಳಸೇದುವುದು ಕಡಿಮೆಯಾಯಿತು, ಅಳು ಇಳಿಯಿತು, ಕಣ್ಣು ಮುಚ್ಚಿತು. ದಣಿದ ಕೂಸು ಆಗಲೇ ನಿದ್ದೆಗೆ ಜಾರಿತ್ತು.

ಖಾಸಿಂಬಿ ಬೆಚ್ಚಿಬಿದ್ದಳು. "ಯಾಕ್ ಸುಮ್ನಾದ್ಲು? ಸಾರ್, ಯಾಕ್ ಸುಮ್ನಾದ್ಲು?" ಎನ್ನುತ್ತಾ ಕೈ ಚಾಚಿ ಅಂಗಾಲಿಗೆ ಹೊಡೆಯಲು ಬಂದಳು. ತಿಪ್ಪೇಸ್ವಾಮಿಯವರು ಅವಳ ಕೈಯನ್ನು ಮೆಲ್ಲನೆ ಹಿಡಿದುಕೊಂಡರು. "ಸಾಕು ಬಿಡಮ್ಮ. ಮಲಗೈತೆ. ತುಟಿ ನೋಡು, ಕೆಂಪಗೈತೆ. ಇನ್ನ ಅಳಿಸಬ್ಯಾಡ."

ಅವಳು ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ಮೊಮ್ಮಗಳಿಗೆ ಹೊಡೆದ ಕೈಯನ್ನು ಮುಖಕ್ಕೆ ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದಳು.

ನಾನು ಬೆಳಕು ಹಿಡಿದು ನೋಡಿದೆ. ಬಲ ಹೊಳ್ಳೆಯ ತುಂಬ ಬೂದು ಬೆರೆತ ಗುಲಾಬಿ ಬಣ್ಣದ, ನುಣ್ಣನೆ ಹೊಳೆಯುವ ಒಂದು ಗೆಡ್ಡೆ. ಅದು ನಡುಗೋಡೆಯನ್ನೇ ಎಡಕ್ಕೆ ನೂಕಿ ಆ ಹೊಳ್ಳೆಯನ್ನೂ ಅಮುಕಿತ್ತು. ಮೂಗಿನ ಬೇರು, ಎರಡು ಕಣ್ಣುಗಳ ನಡುವಿನ ಜಾಗ, ಸ್ವಲ್ಪ ಅಗಲವಾಗಿತ್ತು. ಗೆಡ್ಡೆ ತೀರ ಮುಂದಕ್ಕಿತ್ತು, ಚಿಮಟಕ್ಕೆ ಸಿಗುವಷ್ಟು ಹತ್ತಿರ. ನಿಜ ಹೇಳುತ್ತೇನೆ, ಬೀಜ ತೆಗೆದು ಪಳಗಿದ ನನ್ನ ಬೆರಳುಗಳು ಒಂದು ಕ್ಷಣ ಚಡಪಡಿಸಿದವು.

ದಾದಾಪೀರನೂ ಅದನ್ನೇ ಕೇಳಿದ. ಸಂಜೆ ವಾರ್ಡಿನ ಹೊರಗೆ ನನ್ನನ್ನು ನಿಲ್ಲಿಸಿಕೊಂಡ. ಜೊತೆಗೆ ಹೊಸದುರ್ಗದಿಂದ ಅವನ ಅಣ್ಣ ಬಂದಿದ್ದ.

"ಮೇಡಮ್, ಶೇಂಗಾ ಬೀಜ ತೆಗ್ದಂಗೆ ತೆಗ್ದುಬಿಡ್ರಿ. ಅಷ್ಟೇ ಅಲ್ವಾ? ಕಣ್ಣಿಗೆ ಕಾಣ್ತೈತಲ್ಲ."

"ನಮ್ಮೂರ ಕಡೆ ಒಬ್ರು ಮೂಗ್ನಾಗಿನ ದುರ್ಮಾಂಸ ಐದು ನಿಮಿಷದಾಗೆ ಕೀಳ್ತಾರೆ" ಎಂದ ಅಣ್ಣ. "ನಿಮ್ಗೆ ಆಗಲ್ಲ ಅಂದ್ರೆ ಹೇಳ್ರಿ, ಅಲ್ಲಿಗೇ ಹೋಗಾಣ."

ಅಲ್ಲಿದ್ದ ಬೆಂಚು ತೋರಿಸಿ ಇಬ್ಬರನ್ನೂ ಕೂರಿಸಿದೆ. ದೊಡ್ಡವರ ಮೂಗಿನಲ್ಲಿ ಬೆಳೆಯುವ ದುರ್ಮಾಂಸ ಬೇರೆ, ಇದು ಬೇರೆ ಎಂದೆ. ಹುಟ್ಟಿದ ಮಗುವಿಗೆ ಆ ದುರ್ಮಾಂಸ ಬರುವುದಿಲ್ಲ. ಮೂಗಿನ ಸೂರಿನ ಮೇಲೇ ಮೆದುಳು ಇದೆ. ಮಗು ಹೊಟ್ಟೆಯಲ್ಲಿ ರೂಪುಗೊಳ್ಳುವಾಗ ಅವೆರಡರ ನಡುವೆ ಒಂದು ಸಣ್ಣ ದಾರಿ ಇರುತ್ತದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಎಲ್ಲೋ ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಅದು ಮುಚ್ಚುವಾಗ ಮೆದುಳಿನ ಒಂದು ಚೂರು ಹೊರಗೆ ಮೂಗಿನಲ್ಲಿ ಉಳಿದುಬಿಡುತ್ತದೆ. ದಾರಿ ಪೂರ್ತಿ ಮುಚ್ಚಿದ್ದರೆ ಅದನ್ನು ತೆಗೆದುಹಾಕಬಹುದು. ದಾರಿ ತೆರೆದೇ ಇದ್ದರೆ? ಎಳೆದವರ ಕೈಗೆ ಬರುವುದು ಬರೀ ಗೆಡ್ಡೆಯಲ್ಲ. ಮೆದುಳಿನ ನೀರು ಸೋರುತ್ತದೆ, ಮೂಗಿನ ಸೋಂಕು ಮೇಲಕ್ಕೆ ಏರುತ್ತದೆ. ಸೂಜಿ ಚುಚ್ಚಿ ನೋಡುವುದೂ ತಪ್ಪು, ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸುವುದೂ ತಪ್ಪು. ಮೊದಲು ಸ್ಕ್ಯಾನ್ ಆಗಬೇಕು.

ಅಣ್ಣ ನೆಲ ನೋಡುತ್ತಾ ಕೂತಿದ್ದ. ನನ್ನ ಮಾತು ಎಲ್ಲಿಗೂ ತಲುಪಲಿಲ್ಲ ಅನ್ನಿಸಿತು. ಆದರೆ ದಾದಾಪೀರ್ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ.

"ಹಾಸಿಗೆ ಹೊಲಿಗೆ ಬಿಟ್ಟಲ್ಲಿ ಹತ್ತಿ ಹೊರಗೆ ಇಣುಕ್ತೈತಲ್ಲ, ಹಂಗಾ ಮೇಡಮ್?" ಎಂದ.

"ಹಾಗೇ."

"ಸುಮ್ನೆ ಉದುರಿದ ಹತ್ತಿ ಆದ್ರೆ ತೆಗೆದು ಬಿಸಾಕಬೋದು. ಒಳಗಿಂದೇ ಬಂದಿದ್ರೆ, ಎಳೆದಂಗೆಲ್ಲ ಹಾಸಿಗೇನೇ ಬರ್ತೈತೆ." ಅಣ್ಣನ ಕಡೆ ತಿರುಗಿದ. "ಯಾವ ಊರಿಗೂ ಬ್ಯಾಡ. ಇಲ್ಲೇ ಇರಾಣ."

ಆ ಒಂದು ಮಾತಿನ ಬಲದ ಮೇಲೆ ನಾವು ಆ ಆಷಾಢವನ್ನು ದಾಟಿದೆವು.

ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಅಷ್ಟು ಎಳೆ ಮಗುವಿಗೆ ಮತ್ತು ಬರಿಸುವುದು ಬೇಡವೆಂದು, ಹೊಟ್ಟೆ ತುಂಬಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಿದ್ದೆ ಬಂದ ಮೇಲೆ ಆ ಸದ್ದಿನ ಯಂತ್ರದೊಳಗೆ ಮಲಗಿಸಿದೆವು. ಸುತ್ತಿದವಳು ಖಾಸಿಂಬಿಯೇ. ಊರಿನ ಎಷ್ಟೋ ಕೂಸುಗಳಿಗೆ ನೀರು ಹಾಕಿ, ಎಣ್ಣೆ ಹಚ್ಚಿ, ಸುತ್ತಿ ಮಲಗಿಸಿದ ಕೈ ಅವಳದು. ಚಿತ್ರ ನೋಡಿದಾಗ ಅರ್ಧ ಸಮಾಧಾನ, ಅರ್ಧ ಸಂಶಯ. ಗೆಡ್ಡೆಯಲ್ಲಿ ಮೆದುಳಿನ ನೀರು ತುಂಬಿದ ಚೀಲ ಕಾಣಲಿಲ್ಲ. ಅತ್ತಾಗ ಅದು ಉಬ್ಬುತ್ತಲೂ ಇರಲಿಲ್ಲ. ಅದೂ ಒಳ್ಳೆಯ ಸೂಚನೆ. ಆದರೆ ಗೆಡ್ಡೆಯ ತುದಿಯಿಂದ ಒಂದು ಎಳೆ ಮೂಗಿನ ಸೂರಿನವರೆಗೆ ಹೋಗಿತ್ತು. ಅದು ಬರೀ ನಾರೋ, ತೆರೆದ ದಾರಿಯೋ ಚಿತ್ರ ಹೇಳಲಿಲ್ಲ. ನನ್ನ ಗುರುಗಳಿಗೆ ಕಳಿಸಿದೆ. ಅವರು ಎರಡು ಸಲ ನೋಡಿ ಫೋನ್ ಮಾಡಿದರು. ಬೆಂಗಳೂರಿನಲ್ಲಿ ಮೆದುಳಿನ ಶಸ್ತ್ರವೈದ್ಯರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡೋಣ, ಆದರೆ ಮಗು ಬಹಳ ಸಣ್ಣದು, ಉಸಿರಿಗೆ ದಾರಿ ಭದ್ರವಾಗಿದ್ದರೆ ಸ್ವಲ್ಪ ತೂಕ ಬರಲಿ, ಅಷ್ಟು ದಿನ ನೀನು ಕಾಯಬಲ್ಲೆಯಾ ಎಂದರು.

ಕಾಯಬೇಕಾದವಳು ನಾನಲ್ಲ, ಹಸೀನಾ.

ಬಾಯಿಯ ಕೊಳವೆ ತೆಗೆದು, ಅದರ ಬದಲು ಬಾಟಲಿಯ ರಬ್ಬರಿನ ತೊಟ್ಟೊಂದರ ತುದಿಯನ್ನು ದೊಡ್ಡದಾಗಿ ಕತ್ತರಿಸಿ, ಬಾಯಲ್ಲಿಟ್ಟು, ಎರಡೂ ಕೆನ್ನೆಗೆ ಪಟ್ಟಿ ಅಂಟಿಸಿದೆವು. ಮಗು ಅದನ್ನು ಚೀಪುತ್ತದೆ, ಅದರ ತೂತಿನಿಂದ ಗಾಳಿ ಎಳೆಯುತ್ತದೆ. ಹಾಲು ಮಾತ್ರ ಬಾಯಿಂದ ಇಲ್ಲ, ಹೊಟ್ಟೆಗಿಳಿಸಿದ ಸಣ್ಣ ನಳಿಕೆಯಿಂದ. ಹಸೀನಾ ಬಟ್ಟಲಿಗೆ ಹಾಲು ಹಿಂಡಿ ಕೊಡಬೇಕು, ನರ್ಸ್ ಅದನ್ನು ನಳಿಕೆಗೆ ಹನಿಸಬೇಕು. ಮೊದಮೊದಲು ಹಸೀನಾ ಬಟ್ಟಲನ್ನು ನೋಡಿಯೇ ಅಳುತ್ತಿದ್ದಳು.

"ಎಲ್ರೂ ಕೂಸಿಗೆ ಕುಡಿಸ್ತಾರೆ, ನಾನು ಬಟ್ಟಲಿಗೆ ಕುಡಿಸ್ತೀನಿ" ಎನ್ನುತ್ತಿದ್ದಳು. ಪಕ್ಕದ ಹಾಸಿಗೆಗಳಲ್ಲಿ ಬೇರೆ ತಾಯಂದಿರು ಎದೆಗೆ ಮಗು ಹಾಕಿಕೊಂಡರೆ ಗೋಡೆಯ ಕಡೆ ತಿರುಗುತ್ತಿದ್ದಳು. ಎದೆ ಬಿಗಿದು ನೋವಾಗಿ ಒಮ್ಮೆ ಜ್ವರವೂ ಬಂತು. ಅವಳಿಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಅಲ್ಲಿಯವರೆಗೆ ಒಂದು ಹನಿ ರಕ್ತ ಕಂಡರೆ ಕಣ್ಣು ಮುಚ್ಚಿಕೊಳ್ಳುವ ಹುಡುಗಿಯಂತೆ. ಆದರೆ ದಿನ ಕಳೆದಂತೆ ಅವಳೇ ನಳಿಕೆ ಹಿಡಿಯಲು ಕಲಿತಳು. ಹಾಲು ತನ್ನ ತೂಕಕ್ಕೆ ತಾನೇ ಇಳಿಯುವಂತೆ ಎಷ್ಟು ಎತ್ತರಕ್ಕೆ ಹಿಡಿಯಬೇಕು, ಮಗು ತೇಗಿದರೆ ಯಾವಾಗ ತಗ್ಗಿಸಬೇಕು ಎಲ್ಲ.

ಒಂದು ಮಧ್ಯಾಹ್ನ ಗಾಳಿಗೆ ಎಲ್ಲೋ ತಂತಿ ಹರಿದು ಕರೆಂಟು ಹೋಯಿತು. ಜನರೇಟರ್ ಹತ್ತಿಕೊಳ್ಳುವಷ್ಟರಲ್ಲಿ ವಾರ್ಡಿನ ಯಂತ್ರಗಳೆಲ್ಲ ಒಟ್ಟಿಗೆ ಕೂಗತೊಡಗಿದವು. ಎಲ್ಲರೂ ಯಂತ್ರಗಳ ಕಡೆ ಓಡಿದರು. ಆ ಗದ್ದಲದಲ್ಲಿ ಮಗುವಿನ ಕೆನ್ನೆಯ ಪಟ್ಟಿ ಬೆವರಿಗೆ ಬಿಟ್ಟುಕೊಂಡು ರಬ್ಬರಿನ ತೊಟ್ಟು ಹೊರಗೆ ಜಾರಿತ್ತು. ನಾನು ಬಾಗಿಲಲ್ಲಿದ್ದೆ. ಮಗುವಿನ ಎದೆ ಗುಳಿಬೀಳುವುದು ಅಷ್ಟು ದೂರಕ್ಕೂ ಕಂಡಿತು. ನಾನು ತಲುಪುವ ಮುಂಚೆ ಹಸೀನಾ ಕಿರುಬೆರಳಿನಿಂದ ಮಗುವಿನ ಗಲ್ಲ ಕೆಳಗೆಳೆದು, ಬಾಯಿ ಬಿಡಿಸಿ, ತೊಟ್ಟನ್ನು ನಾಲಿಗೆಯ ಮೇಲೆ ಕೂರಿಸಿ, ಅಂಗೈಯಿಂದ ಒತ್ತಿ ಹಿಡಿದಿದ್ದಳು. ತುಟಿಗೆ ಮತ್ತೆ ಕೆಂಪು ಬಂತು. ನನ್ನ ಮುಖ ನೋಡಿ ಅವಳು "ಪಟ್ಟಿ ಕೊಡ್ರಿ ಮೇಡಮ್" ಎಂದಳು, ಅಷ್ಟೇ. ಅಂದಿನಿಂದ ಅವಳು ಗೋಡೆಯ ಕಡೆ ತಿರುಗಿದ್ದನ್ನು ನಾನು ನೋಡಲಿಲ್ಲ.

ಖಾಸಿಂಬಿಗೆ ವಾರ್ಡಿನೊಳಗೆ ದಿನಕ್ಕೊಮ್ಮೆ ಮಾತ್ರ ಬಿಡುತ್ತಿದ್ದರು. ಉಳಿದ ಹೊತ್ತು ಹೊರಗಿನ ಕಟ್ಟೆಯ ಮೇಲೆ, ಸೆರಗನ್ನು ತಲೆಗೆ ಬಿಗಿದು, ಗಾಳಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಎರಡು ಮೂರು ದಿನಕ್ಕೊಮ್ಮೆ ಹಿರಿಯೂರಿಗೆ ಹೋಗಿ, ಒಪ್ಪಿಕೊಂಡಿದ್ದ ಬಾಣಂತಿಯರ ಮನೆಯಲ್ಲಿ ಕೂಸಿಗೆ ನೀರು ಹಾಕಿ, ಬಸ್ಸು ಹತ್ತಿ ಬಂದುಬಿಡುತ್ತಿದ್ದಳು. ಎಣ್ಣೆ, ಲೋಬಾನದ ವಾಸನೆ ಅವಳ ಜೊತೆಗೇ ಬರುತ್ತಿತ್ತು. ಆದರೆ ದಿನದಿನಕ್ಕೆ ಅವಳು ಕರಗುತ್ತಿರುವಂತೆ ಕಂಡಳು. ಹಸೀನಾ ತಂದುಕೊಟ್ಟ ಊಟ ಹಾಗೇ ಉಳಿಯುತ್ತಿತ್ತು.

ಒಂದು ದಿನ ನಾನು ಮನೆಗೆ ಹೊರಟಾಗ ಕಟ್ಟೆಯ ಬಳಿ ನಿಂತು, "ಯಾಕಮ್ಮ, ಊಟ ಬಿಟ್ಟಿದ್ದೀಯಂತೆ?" ಎಂದು ಕೇಳಿದೆ.

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಕುಂತ್ಕಳ್ರಿ, ಒಂದ್ ಮಾತು ಹೇಳ್ಬೇಕು" ಎಂದಳು. ಕೂತೆ.

"ಹುಟ್ಟಿದ ಮಾರನೇ ದಿನ ನಾನೇ ನೀರು ಹಾಕಿದ್ದು. ಮೂಗು ಚಪ್ಪಟೆ ಐತೆ ಅಂತ ಎಣ್ಣೆ ಹಚ್ಚಿ ಹಿಂಗೆ ಎಳೆದೆ, ಒತ್ತಿದೆ. ಎಲ್ಲ ಕೂಸಿಗೂ ಹಂಗೇ ಮಾಡ್ತೀನಿ. ಮಾರನೇ ದಿನ ನೋಡಿದ್ರೆ ಮೂಗ್ನಾಗೆ ಇದು. ನಾನು ಒತ್ತಿದ್ದಕ್ಕೇ ಒಳಗಿಂದು ಹೊರಗ್ ಬಂದೈತೆ. ಮಗಳಿಗೆ ಹೇಳಿಲ್ಲ. ಅಳಿಯಂಗೂ ಹೇಳಿಲ್ಲ. ಹೆಂಗ್ ಹೇಳ್ಲಿ? ಮೊಮ್ಮಗಳ ಮೆದುಳನ್ನ ನಾನೇ ಹಿಂಡಿ ತೆಗೆದ್ನಲ್ಲ ಮೇಡಮ್."

ಅಷ್ಟು ದಿನ ಅವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಕೈ ಹಿಡಿದುಕೊಂಡೆ. ಬಿಸಿನೀರಿಗೂ ಎಣ್ಣೆಗೂ ಮೆತ್ತಗಾದ, ಅಗಲವಾದ ಕೈ.

"ಹಸೀನಾಗೆ ಬಸುರು ಅಂತ ನಿನಗೆ ಗೊತ್ತಾಗಿದ್ದು ಯಾವಾಗ?"

"ಮೂರು ತಿಂಗಳಿಗೆ."

"ಅಷ್ಟರೊಳಗೇ ಇದು ಆಗಿಹೋಗಿತ್ತು. ನಿನಗೆ ಸುದ್ದಿ ಗೊತ್ತಾಗೋ ಮುಂಚೆ. ಆಗ ಆ ಕೂಸು ನನ್ನ ಹೆಬ್ಬೆರಳಿಗಿಂತ ಸಣ್ಣದು. ಅದರ ಮೂಗು ಮುಟ್ಟೋಕೆ ಯಾರ ಕೈಗೂ ಸಾಧ್ಯ ಇರಲಿಲ್ಲ. ನೀನು ಎಷ್ಟು ಒತ್ತಿದ್ದರೂ ಇದು ಬರುತ್ತಿರಲಿಲ್ಲ, ಒತ್ತದೆ ಇದ್ದಿದ್ದರೂ ತಪ್ಪುತ್ತಿರಲಿಲ್ಲ."

"ನನ್ನ ಸಮಾಧಾನಕ್ಕೆ ಹೇಳ್ತೀರಾ?"

"ಇಲ್ಲ. ಪುಸ್ತಕದಲ್ಲಿರೋದನ್ನೇ ಹೇಳ್ತಿದ್ದೀನಿ. ಇನ್ನು ಮುಂದೆ ಯಾವ ಕೂಸಿನ ಮೂಗೂ ಎಳೀಬೇಡ, ಅದು ಬೇರೆ ಮಾತು. ಆದರೆ ಇದಕ್ಕೆ ನೀನು ಕಾರಣ ಅಲ್ಲ."

ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಸುಳ್ಳು ಹೇಳುತ್ತಿದ್ದೇನೆಯೇ ಎಂದು ಹುಡುಕುವ ನೋಟ. ಆಮೇಲೆ ಪಕ್ಕದಲ್ಲಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದಳು. ತಣ್ಣಗಾದ ಅನ್ನವನ್ನು ಗಾಳಿಗೆ ಧೂಳು ಬೀಳದಂತೆ ಸೆರಗು ಮರೆಮಾಡಿಕೊಂಡು ತಿಂದಳು. ನಾನು ಎದ್ದು ಹೋಗಲಿಲ್ಲ, ಅವಳು ತಿಂದು ಮುಗಿಸುವವರೆಗೂ ಕೂತೇ ಇದ್ದೆ.

ಆಷಾಢ ಮುಗಿಯುವ ಹೊತ್ತಿಗೆ ಮಗುವಿನ ತೊಡೆಯಲ್ಲಿ ಒಂದು ಮಡಿಕೆ ಬಿತ್ತು. ತಿಪ್ಪೇಸ್ವಾಮಿಯವರು ಅದನ್ನು ಬೆರಳಿನಿಂದ ತೋರಿಸಿ, "ಇನ್ನ ಹೊರಡ್ರಿ" ಎಂದರು. ನಾನು ರಜೆ ಹಾಕಿ ಆಂಬುಲೆನ್ಸಿನಲ್ಲೇ ಜೊತೆಗೆ ಹೋದೆ. ದಾರಿಯ ಎರಡೂ ಕಡೆ ಶೇಂಗಾ ಮೊಳೆತು ಸಾಲು ಹಿಡಿದಿತ್ತು. ಹಿರಿಯೂರು ದಾಟುವಾಗ ದಾದಾಪೀರ್ ಕಿಟಕಿಯಿಂದ ತನ್ನ ಬೀದಿಯ ಕಡೆ ಒಮ್ಮೆ ನೋಡಿ, ಮತ್ತೆ ಮಗುವಿನ ಕಡೆ ತಿರುಗಿಕೊಂಡ.

ಶಸ್ತ್ರಚಿಕಿತ್ಸೆಯ ದಿನ ಗುರುಗಳು ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಪೆನ್ಸಿಲಿಗಿಂತ ತೆಳುವಾದ ದುರ್ಬೀನು ಆ ಪುಟ್ಟ ಹೊಳ್ಳೆಯೊಳಗೆ ಹೋಯಿತು. ಪರದೆಯ ಮೇಲೆ ಗೆಡ್ಡೆ ಒಂದು ಗುಡ್ಡದಷ್ಟು ದೊಡ್ಡದಾಗಿ ಕಂಡಿತು. ಸುತ್ತಲಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸುತ್ತಾ, ಒಂದೊಂದು ರಕ್ತನಾಳವನ್ನೂ ಮುಚ್ಚುತ್ತಾ ಮೇಲಕ್ಕೆ ಹೋದರು. ಅಷ್ಟು ಸಣ್ಣ ಮಗುವಿಗೆ ನಾಲ್ಕು ಚಮಚ ರಕ್ತ ಹೋದರೂ ಹೆಚ್ಚೇ. ಕೊನೆಗೆ ಆ ಎಳೆ ಸಿಕ್ಕಿತು. ಬಿಳಿ ದಾರದಂಥದ್ದು, ಮೂಗಿನ ಸೂರಿಗೆ ಅಂಟಿತ್ತು. ಮೆದುಳಿನ ವೈದ್ಯರು ಮುಂದೆ ಬಾಗಿದರು. ಗುರುಗಳು ಸೂರಿಗೆ ಆದಷ್ಟು ಹತ್ತಿರದಲ್ಲಿ ಅದನ್ನು ಕತ್ತರಿಸಿ ಕೈ ತಡೆದರು.

ಕೋಣೆಯಲ್ಲಿ ಎಲ್ಲರೂ ಆ ಒಂದು ಜಾಗವನ್ನೇ ನೋಡುತ್ತಿದ್ದೆವು. ತಿಳಿನೀರು ಒಂದು ಹನಿ ಜಿನುಗಿದರೂ ದಾರಿ ತೆರೆದಿದೆ ಎಂದೇ ಅರ್ಥ. ಆಗ ಚಿಕಿತ್ಸೆ ಬೇರೆಯೇ, ಅಪಾಯವೂ ಬೇರೆಯೇ. ಅರಿವಳಿಕೆಯ ವೈದ್ಯರು ಮಗುವಿನ ಎದೆಯಲ್ಲಿ ಗಾಳಿಯ ಒತ್ತಡ ಸ್ವಲ್ಪ ಏರಿಸಿ ಹಿಡಿದರು, ಸೋರುವುದಿದ್ದರೆ ಈಗ ಸೋರಲೇಬೇಕು.

ಒಣಗಿತ್ತು.

"ನಾರಷ್ಟೇ" ಎಂದರು ಗುರುಗಳು. ಮೆದುಳಿನ ವೈದ್ಯರು ಕೈಗವಸು ಕಳಚಿಕೊಂಡು, ನನಗೇನು ಕೆಲಸವಿಲ್ಲ ಎಂದು ನಗುತ್ತಾ ಹೊರಟರು.

ಮರುದಿನ ಉಸಿರಿನ ಕೊಳವೆ ತೆಗೆದ ಮೇಲೆ ನಾನು ಒಂದು ತಣ್ಣನೆಯ ಸ್ಟೀಲಿನ ಪಟ್ಟಿಯನ್ನು ಮಗುವಿನ ಮೂಗಿನ ಕೆಳಗೆ ಹಿಡಿದೆ. ನಮ್ಮ ವಿಭಾಗದಲ್ಲಿ ಅದು ಅತ್ಯಂತ ಹಳೆಯ ಪರೀಕ್ಷೆ. ಬಾಯಿ ಮುಚ್ಚಿತ್ತು. ಪಟ್ಟಿಯ ಮೇಲೆ ಮಂಜಿನ ಎರಡು ಮಚ್ಚೆ ಮೂಡಿದವು, ಎಡಕ್ಕೊಂದು, ಬಲಕ್ಕೊಂದು. ಬಲದ್ದು ಸ್ವಲ್ಪ ಸಣ್ಣದು. ಮಾಯವಾದವು, ಮತ್ತೆ ಮೂಡಿದವು. ಹೊರಗೆ ಗಾಜಿನಾಚೆ ನಿಂತಿದ್ದ ದಾದಾಪೀರನಿಗೆ ಪಟ್ಟಿಯನ್ನು ಎತ್ತಿ ತೋರಿಸಿದೆ. ಅಷ್ಟರಲ್ಲಿ ಮಂಜು ಆರಿಹೋಗಿತ್ತು, ಅವನಿಗೆ ಏನೂ ಕಂಡಿರಲಾರದು. ಆದರೂ ಗಾಜಿಗೆ ಹಣೆ ಒತ್ತಿ ಅತ್ತುಬಿಟ್ಟ.

ತೆಗೆದ ಗೆಡ್ಡೆಯ ಪರೀಕ್ಷೆಯ ವರದಿಯೂ ಬಂತು. ಕ್ಯಾನ್ಸರ್ ಅಲ್ಲ, ದಾರಿ ತಪ್ಪಿ ಉಳಿದ ಮೆದುಳಿನ ಅಂಗಾಂಶವೇ. ಅದನ್ನು ಹೇಳಿದಾಗ ಹಸೀನಾಗೆ ಹೊಸ ಭಯ ಹುಟ್ಟಿತು. "ಮೆದುಳಿನ ಚೂರು ತೆಗೆದ್ರಲ್ಲ, ನಾಳೆ ಬುದ್ಧಿ ಕಮ್ಮಿ ಆಗಲ್ವಾ ಮೇಡಮ್?" ಎಂದಳು. ಆ ಚೂರಿಗೆ ಯಾವ ಕೆಲಸವೂ ಇರಲಿಲ್ಲ, ತಲೆಯೊಳಗಿನ ಮೆದುಳು ಪೂರ್ತಿಯಾಗಿಯೇ ಇದೆ ಎಂದು ವಿವರಿಸುತ್ತಿದ್ದೆ. ಖಾಸಿಂಬಿ ನಡುವೆ ಬಾಯಿ ಹಾಕಿದಳು. "ಲೇ, ತಲೆ ತುಂಬಿ ಮಿಕ್ಕಿದ್ದು ಮೂಗಿಗೆ ಬಂದೈತೆ ಬಿಡೇ. ನಮ್ಮ ವಂಶದಾಗೆ ಅಷ್ಟು ಬುದ್ಧಿ ಯಾರಿಗಿತ್ತು?" ಅವಳ ನಗುವನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೂ ಸುಮ್ಮನೆ ಬಿಡುವಂತಿರಲಿಲ್ಲ. ಇಂಥ ಗೆಡ್ಡೆ ಒಂದಿಷ್ಟು ಉಳಿದಿದ್ದರೂ ಮತ್ತೆ ಬೆಳೆಯಬಹುದು. ದುರ್ಗದಲ್ಲಿ ನಾನಿದ್ದಷ್ಟು ಕಾಲವೂ ಮಗುವನ್ನು ಕರೆತಂದು ತೋರಿಸುತ್ತಿದ್ದರು, ವರ್ಗವಾದ ಮೇಲೆ ಗುರುಗಳ ಬಳಿ. ಮತ್ತೆ ಬೆಳೆಯಲಿಲ್ಲ. ಹುಡುಗಿ ಈಗ ಹಿರಿಯೂರಿನಲ್ಲಿ ಶಾಲೆಗೆ ಹೋಗುತ್ತಾಳೆ. ಮೂಗಿನ ಬೇರು ಒಂದು ಕೂದಲಷ್ಟು ಅಗಲ, ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು. ವಿಪರೀತ ಮಾತು ಎಂದು ದಾದಾಪೀರ್ ಫೋನಿನಲ್ಲಿ ದೂರುತ್ತಾನೆ. ಖಾಸಿಂಬಿ ಎರಡು ವರ್ಷದ ಹಿಂದೆ ತೀರಿಕೊಂಡಳು.

ಇಷ್ಟೆಲ್ಲ ಆದರೂ ಆ ಕಾಲವೆಂದರೆ ನನ್ನ ಕಣ್ಣಿಗೆ ಬರುವುದು ಬೆಂಗಳೂರಿನ ಆ ಆಸ್ಪತ್ರೆಯ ಕೊನೆಯ ದಿನಗಳು. ಮೂಗು ಬಿಟ್ಟಿತ್ತು, ಮಗು ಹಾಲು ಕುಡಿಯಬೇಕಿತ್ತು. ಆದರೆ ಅದಕ್ಕೆ ಕುಡಿಯುವುದೇ ಗೊತ್ತಿರಲಿಲ್ಲ. ಹುಟ್ಟಿ ಒಂದು ತಿಂಗಳು ದಾಟಿದ್ದರೂ ಎದೆಯೆಂದರೆ ಉಸಿರುಕಟ್ಟುವ ಜಾಗ ಎಂದಷ್ಟೇ ಅದು ಕಲಿತಿತ್ತು. ಹಸೀನಾ ಹತ್ತಿರಕ್ಕೆ ತಂದರೆ ಮುಖ ತಿರುಗಿಸಿ, ಬೆನ್ನು ಬಿಲ್ಲಾಗಿಸಿ ಕಿರುಚುತ್ತಿತ್ತು. ಮೊದಲ ದಿನ ಹೀಗೇ ಆಯಿತು. ಎರಡನೆಯ ದಿನವೂ ಹೀಗೇ. "ನನ್ನ ಕಂಡ್ರೆ ಹೆದರ್ತಾಳೆ" ಎಂದಳು ಹಸೀನಾ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು.

ನಾನು ದುರ್ಗಕ್ಕೆ ಹಿಂತಿರುಗಬೇಕಿದ್ದ ಬೆಳಿಗ್ಗೆ ಹೇಳಿ ಹೋಗಲು ವಾರ್ಡಿಗೆ ಹೋದೆ. ಖಾಸಿಂಬಿ ಮಂಚದ ಕಾಲಿಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಹಸೀನಾ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ನಾನು ಕರೆದೆ. ಅವಳು ತಿರುಗಲಿಲ್ಲ. ಒಂದು ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಸದ್ದು ಮಾಡಬೇಡಿ ಎನ್ನುವಂತೆ ಬೆರಳು ಅಲುಗಿಸಿದಳು. ಸುತ್ತಿ ಬಂದು ನೋಡಿದೆ. ನಿದ್ದೆಗಣ್ಣಿನಲ್ಲೇ ಮಗು ಎದೆಗೆ ಬಾಯಿ ಹಚ್ಚಿತ್ತು. ಎಳೆಯುತ್ತಿತ್ತು, ನುಂಗುತ್ತಿತ್ತು, ಒಂದಿಷ್ಟು ತಡೆದು ಮತ್ತೆ ಎಳೆಯುತ್ತಿತ್ತು. ತುಟಿ ಕೆಂಪಗೇ ಇತ್ತು.

ಹಸೀನಾ ಮಗುವಿನಿಂದ ಕಣ್ಣು ತೆಗೆಯದೆ, ಉಸಿರೇ ಆಡದಷ್ಟು ಮೆತ್ತಗೆ ಹೇಳಿದಳು:

"ಮೂಗಿಂದ ಉಸಿರು ಬಿಡ್ತಾವ್ಳೆ ಮೇಡಮ್. ನನ್ನ ಮೈಗೆ ಬೆಚ್ಚಗೆ ತಾಕ್ತೈತೆ."